ಬೇಳೆ ಬೇಯದ ನೀರಲ್ಲಿ ಈಜುಕೊಳ

ಕಲಬುರಗಿಯಲ್ಲಿ ನಮ್ಮ ಓಣಿಯ ಬೋರ್ ನೀರಿಗೆ ತೊಗರಿಬೇಳೆ ಬೇಯುವುದಿಲ್ಲ. ತೊಗರಿ ಬೆಳೆಯುವ ಊರಲ್ಲೇ ಬೇಳೆಗೆ ಅಂತ ನಳದ ನೀರು ಬೇರೆ ಹಿಡಿದಿಡಬೇಕು. ಇಷ್ಟು ಗೊತ್ತಿದ್ದೂ ನಾನು ಅದೇ ಬೋರ್ ನೀರನ್ನ 40,000 ಲೀಟರ್ ತುಂಬಿಸಿ ಹಿತ್ತಲಲ್ಲಿ ಉಪ್ಪುನೀರಿನ ಈಜುಕೊಳ ಮಾಡಿಸಿದೆ. "ಬ್ಯಾಳಿ ಬೇಯಲ್ದ ನೀರಾಗ ಏನ್ ಈಜ್ತೀಯೋ" ಅಂತ ಅವ್ವ ಅವತ್ತೇ ಅಂದಿದ್ದಳು. ನಾನು ನಕ್ಕು ಸುಮ್ಮನಾಗಿದ್ದೆ.

ನೀರಿಗೆ ಒದ್ದಾಡುವ ಊರಲ್ಲಿ ಈಜುಕೊಳ ಬೇಕಿತ್ತಾ ಅಂತ ಬೈಯುವವರು ಬೈಯಿರಿ, ಅದರಲ್ಲಿ ನ್ಯಾಯ ಇದೆ. ಆದರೆ ಮೇ ತಿಂಗಳ ಬಿಸಿಲಿಗೆ ಬೈದವರ ಮಕ್ಕಳೇ ಮೊದಲು ಬಂದು ಜಿಗಿಯುತ್ತಾರೆ.

ಉಪ್ಪುನೀರಿನ ಕೊಳದಲ್ಲಿ ಕ್ಲೋರಿನ್ ಇರುವುದಿಲ್ಲ ಅಂತ ನಾನೂ ನಂಬಿದ್ದೆ. ಇರುತ್ತದೆ. ಡಬ್ಬಿಯಿಂದ ಹಾಕುವ ಬದಲು ಅಲ್ಲೇ ತಯಾರಾಗುತ್ತದೆ, ಅಷ್ಟೇ. ಫಿಲ್ಟರ್ ದಾಟಿದ ನೀರು ಒಂದು ಸೆಲ್ ಒಳಗೆ ಹೋಗುತ್ತದೆ, ಅದರಲ್ಲಿ ರುಥೇನಿಯಂ ಲೇಪನದ ಟೈಟಾನಿಯಂ ತಗಡುಗಳಿರುತ್ತವೆ, ಕರೆಂಟ್ ಹರಿದಾಗ ಉಪ್ಪಿನಲ್ಲಿರುವ ಕ್ಲೋರೈಡ್ ಕ್ಲೋರಿನ್ ಆಗುತ್ತದೆ, ಪಾಚಿ ಕ್ರಿಮಿ ಕೊಂದ ಮೇಲೆ ಮತ್ತೆ ಕ್ಲೋರೈಡ್ ಆಗುತ್ತದೆ. ಸಮುದ್ರದಲ್ಲಿ ಸುಮಾರು 35,000 ಪಿಪಿಎಂ, ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ, ಉಪ್ಪಿದ್ದರೆ ನಮ್ಮ ಕೊಳಕ್ಕೆ 3,000ದ ಆಸುಪಾಸು ಸಾಕು. ಬಾಯಿಗೆ ಹೋದರೆ ಉಪ್ಪು ಕಮ್ಮಿಯಾದ ಸಾರಿನ ಹಾಗಿರುತ್ತದೆ. ಅಯೋಡಿನ್ ಇಲ್ಲದ ಶುದ್ಧ ಉಪ್ಪು, 25 ಕೆಜಿಯ 5 ಚೀಲ ಹಾಕಿದ್ದೆವು.

ಫೆಬ್ರವರಿಯಲ್ಲಿ ತುಂಬಿಸಿದ್ದು. ಮೇ ಕೊನೆಯ ಹೊತ್ತಿಗೆ ನೀರು ಮಜ್ಜಿಗೆ ತೊಳೆದ ಹಾಗೆ ಮಬ್ಬಾಯಿತು, ತಳದಲ್ಲಿ ಕಾಲಿಗೆ ಚುಚ್ಚುವ ಬಿಳಿ ಚಕ್ಕೆಗಳು, ಜೊತೆಗೆ ಯಂತ್ರದಲ್ಲಿ ಉಪ್ಪು ಕಮ್ಮಿ ಇದೆ ಅಂತ ಕೆಂಪು ದೀಪ. ಕೊಳ ಮಾಡಿಕೊಟ್ಟವರಿಗೆ ಫೋನ್ ಹಚ್ಚಿದರೆ "ಎರಡು ಚೀಲ ಹಾಕ್ರಿ ಸರ್, ಎಲ್ಲಾ ಸರಿ ಆಗ್ತದ" ಅಂದರು. ನಾಲ್ಕು ಚೀಲ ತರಿಸಿ ಎರಡು ಹಾಕಿದೆ. ದೀಪ ಆರಲಿಲ್ಲ. ಉಳಿದೆರಡನ್ನೂ ಸುರಿಯಲು ಹೊರಟಿದ್ದೆ, ಅಷ್ಟರಲ್ಲಿ ಭಾವ ಬಂದರು.

ಭಾವ ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಯ ಲ್ಯಾಬಿನಲ್ಲಿದ್ದಾರೆ. ಬೆಳಗಾದರೆ ಸುಣ್ಣದಕಲ್ಲಿನ ಜೊತೆಗೇ ಅವರ ಕೆಲಸ. ಸೆಲ್ ಬಿಚ್ಚಿಸಿ ಬೆಳಕಿಗೆ ಹಿಡಿದು ನೋಡಿದರು. ತಗಡುಗಳ ಸಂದಿಯಿಂದ ಬೆಳಕೇ ಬರುತ್ತಿರಲಿಲ್ಲ. ಗೀಸರ್ ಕಾಯಿಲ್ ಮೇಲೆ ಬಿಳಿ ಹಕ್ಕಳೆ ಕಟ್ಟುತ್ತದಲ್ಲ, ಅದೇ ಇಲ್ಲಿ ಗಟ್ಟಿಯಾಗಿ ಕೂತಿತ್ತು. "ಏನ್ ತಮ್ಮಾ, ಮನ್ಯಾಗೇ ಸುಣ್ಣದ ಭಟ್ಟಿ ಹಚ್ಚೀದಿ" ಅಂದರು. ಸುಣ್ಣ ಕಟ್ಟಿದ ಸೆಲ್ಲಿನಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಯಂತ್ರ ಅದನ್ನೇ ಉಪ್ಪು ಕಮ್ಮಿ ಅಂತ ತೋರಿಸುತ್ತದೆ. ನಿಜವಾಗಿ ಅಳೆದರೆ ಉಪ್ಪು 4,300 ದಾಟಿತ್ತು. ಅಲ್ಲಿಗೆ ನನ್ನ ಎರಡು ಚೀಲ ದಂಡ.

ಆಮೇಲೆ ಗಡಸುತನ, ಅಂದರೆ ನೀರಲ್ಲಿ ಕರಗಿರುವ ಸುಣ್ಣದಂಶ ನೋಡಿದೆವು. ಸಣ್ಣ ಗಾಜಿನ ಕೊಳವೆಯಲ್ಲಿ 10 ಎಂಎಲ್ ನೀರು, ಬಣ್ಣದ ಪುಡಿ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಅದು ನೀಲಿಗೆ ತಿರುಗುವವರೆಗೆ ಒಂದೊಂದೇ ಹನಿ ಹಾಕುತ್ತಾ ಎಣಿಸಬೇಕು, ನಮ್ಮ ಕಿಟ್‌ನಲ್ಲಿ ಒಂದು ಹನಿ ಅಂದರೆ 25 ಪಿಪಿಎಂ. ಹತ್ತು ಹನಿ, ಇಪ್ಪತ್ತು ಹನಿ, ಇನ್ನೂ ಗುಲಾಬಿಯೇ. ಮೂವತ್ತಕ್ಕೆ ನೇರಳೆ ಆಯಿತು. 34ಕ್ಕೆ ನೀಲಿ. ಅಂದರೆ 850. ಇರಬೇಕಾದದ್ದು 200ರಿಂದ 400. ಬೋರ್ ನೀರನ್ನೇ ನೇರವಾಗಿ ನೋಡಿದರೆ 20 ಹನಿ, 500.

ತುಂಬಿದ್ದು 500, ಆಗಿದ್ದು 850, ಹೇಗೆ? ಭಾವ ಕ್ಯಾಲೆಂಡರ್ ಹಿಂದೆ ಲೆಕ್ಕ ಬರೆದು ತೋರಿಸಿದರು. ಕೊಳ 8 ಮೀಟರ್ ಉದ್ದ, 4 ಮೀಟರ್ ಅಗಲ. ನಮ್ಮ ಬಿಸಿಲಿಗೆ ದಿನಕ್ಕೆ 8 ಮಿಲಿಮೀಟರ್ ಆವಿಯಾದರೂ 256 ಲೀಟರ್ ಹೋಯಿತು. ಹೋಗುವುದು ಬರೀ ನೀರು, ಉಪ್ಪೂ ಸುಣ್ಣವೂ ಕೊಳದಲ್ಲೇ ಉಳಿಯುತ್ತವೆ. ಹೋದಷ್ಟು ಬೋರ್ ನೀರು ಬಿಟ್ಟೆವು ಅಂದರೆ ದಿನಾ 128 ಗ್ರಾಂ ಸುಣ್ಣದಂಶ ಹೊಸದಾಗಿ ಸೇರಿತು, ತಿಂಗಳಿಗೆ ಹತ್ತಿರ ಹತ್ತಿರ 100 ಪಿಪಿಎಂ ಏರಿತು. ಉಪ್ಪು ಆವಿಯಾಗಿ ಹೋಗುವುದಿಲ್ಲ ಅನ್ನುವ ಈ ಸಣ್ಣ ಮಾತು ಗೊತ್ತಿದ್ದರೆ ನಾನು ಚೀಲ ಹೊತ್ತು ತರುತ್ತಿರಲಿಲ್ಲ.

ಸುಣ್ಣ ಸೆಲ್ಲಿನಲ್ಲೇ ಯಾಕೆ ಕೂರುತ್ತದೆ ಅಂದರೆ, ಕ್ಲೋರಿನ್ ತಯಾರಾಗುವಾಗ ಇನ್ನೊಂದು ತಗಡಿನ ಹತ್ತಿರ ಪಿಎಚ್, ಅಂದರೆ ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ, ಕ್ಷಾರದ ಕಡೆಗೆ ಜೋರಾಗಿ ಏರುತ್ತದೆ. ಪಿಎಚ್ ಏರಿದಲ್ಲಿ ಸುಣ್ಣ ಕರಗಿರಲಾರದು. ಬಿಸಿ ನೀರಿನಲ್ಲಂತೂ ಇನ್ನೂ ಕಷ್ಟ. ಯಂತ್ರ ಆಗಾಗ ಕರೆಂಟಿನ ದಿಕ್ಕು ಬದಲಿಸಿದಾಗ ಆ ಹಕ್ಕಳೆ ಉದುರಿ ಕೊಳಕ್ಕೆ ಬರುತ್ತದೆ. ಕಾಲಿಗೆ ಚುಚ್ಚಿದ್ದು ಅದೇ.

ಹಾಗಾದರೆ ಖಾಲಿ ಮಾಡಿ ಹೊಸ ನೀರು ತುಂಬೋಣ ಅಂದೆ. ಯಾವ ಹೊಸ ನೀರು? ಮತ್ತೆ ಅದೇ ಬೋರ್ ಅಲ್ವಾ? ಸುಣ್ಣ ತೆಗೆಯಲು ಆಗದಿದ್ದರೆ ಅದು ಕೂರದ ಹಾಗೆ ನೋಡಿಕೊಳ್ಳಬೇಕು, ನಮ್ಮ ಕೈಯಲ್ಲಿರುವುದು ಪಿಎಚ್ ಮತ್ತು ಆಲ್ಕಲಿನಿಟಿ (ಆಸಿಡ್ ಹಾಕಿದರೂ ತಡೆದುಕೊಳ್ಳುವ ಕ್ಷಾರದಂಶ) ಎರಡೇ ಅಂದರು ಭಾವ. ನೀರು ಸುಣ್ಣ ಬಿಡುತ್ತದೋ ತಿನ್ನುತ್ತದೋ ಅಂತ ಹೇಳುವ ಲೆಕ್ಕವೊಂದನ್ನು ಅಮೆರಿಕದ ಲ್ಯಾಂಜಲಿಯರ್ ಅನ್ನುವವರು 1936ರಲ್ಲೇ ಕೊಟ್ಟಿದ್ದಾರೆ. ಆ ಲೆಕ್ಕದಲ್ಲಿ ಪಿಎಚ್ 7.5, ಆಲ್ಕಲಿನಿಟಿ 70 ಹತ್ತಿರ ಇಟ್ಟುಕೊಂಡರೆ 600ರ ಒಳಗಿನ ಗಡಸುತನವನ್ನೂ ಸಂಭಾಳಿಸಬಹುದು. ಪುಸ್ತಕದ 80ರಿಂದ 120 ಆಲ್ಕಲಿನಿಟಿ ನಮ್ಮ ನೀರಿಗೆ ಜಾಸ್ತಿಯಾಯಿತು. ಆಲ್ಕಲಿನಿಟಿ ಇಳಿದರೆ ಪಿಎಚ್ ಓಡುವುದೂ ಕಮ್ಮಿ.

ಇಳಿಸಲು ಹೈಡ್ರೋಕ್ಲೋರಿಕ್ ಆಸಿಡ್. ಬಾತ್‌ರೂಮ್ ತೊಳೆಯುವ, ಎಷ್ಟು ಗಟ್ಟಿ ಅಂತ ಬರೆಯದ ಬಾಟಲಿ ಬೇಡ. 33 ಪರ್ಸೆಂಟಿನದ್ದು ನಮ್ಮ ಕೊಳಕ್ಕೆ 400 ಎಂಎಲ್ ಹಾಕಿದರೆ 8ರಲ್ಲಿದ್ದ ಪಿಎಚ್ 7.5ರ ಹತ್ತಿರ ಬರುತ್ತದೆ. ಬಕೆಟ್‌ನಲ್ಲಿ ಮೊದಲು ನೀರು, ಆಮೇಲೆ ಆಸಿಡ್, ಉಲ್ಟಾ ಮಾಡಬೇಡಿ. ಕನ್ನಡಕ, ಗ್ಲೌಸ್ ಇರಲಿ. ಪಂಪ್ ಓಡುತ್ತಿರುವಾಗ ಸಂಜೆ ಹಾಕುತ್ತೇನೆ, ಆಗ ಮಕ್ಕಳು ನೀರಿಗಿಳಿಯುವಂತಿಲ್ಲ. ಮೊದಲ ಸಲ ಕೈ ನಡುಗಿ ಒಂದಿಷ್ಟು ಅಂಚಿನ ಶಹಾಬಾದ್ ಪರ್ಸಿ ಮೇಲೆ ಚೆಲ್ಲಿತು. ಸೋಡಾ ಬಾಟಲಿ ಒಡೆದ ಹಾಗೆ ಬುಸ್ ಅಂತ ನೊರೆ ಎದ್ದಿತು. ನೀರು ಸುರಿದು ನೋಡಿದರೆ ನುಣ್ಣಗಿದ್ದ ಕಲ್ಲಿನ ಮೇಲೆ ಅಂಗೈ ಅಗಲ ಒರಟು ಬಿಳಿ ಕಲೆ. ಪರ್ಸಿಯೂ ಸುಣ್ಣದಕಲ್ಲೇ ನೋಡಿ, ಈ ಊರಲ್ಲಿ ಕಾಲ ಕೆಳಗೂ ಅದೇ, ಬೋರ್‌ನಲ್ಲೂ ಅದೇ.

ಸೆಲ್ ತೊಳೆದದ್ದೂ ಅದೇ ಆಸಿಡ್‌ನಲ್ಲಿ, ಐದು ಪಾಲು ನೀರಿಗೆ ಒಂದು ಪಾಲು, ಹತ್ತೇ ನಿಮಿಷ. ಜಾಸ್ತಿ ಹೊತ್ತು ಇಟ್ಟರೆ ಲೇಪನ ಹಾಳು. ಚಾಕು ಹಾಕಿ ಕೆರೆಯುವುದಂತೂ ಬೇಡವೇ ಬೇಡ.

ದೊಡ್ಡ ಉಪಕಾರ ಮಾಡಿದ್ದು ಮಳೆ. ಮಾಳಿಗೆ ನೀರನ್ನು ಸೋಸಿ ಕೊಳಕ್ಕೆ ತಿರುಗಿಸಿದೆವು, ಬಂದಷ್ಟು ಹಳೇ ನೀರು ಚರಂಡಿಗೆ ಬಿಟ್ಟೆವು. ಗಿಡಕ್ಕೆ ಬಿಡೋಣ ಅಂದರೆ ಆ ಉಪ್ಪಿಗೆ ನಿಂಬೆ, ಕರಿಬೇವು ಉಳಿಯಲ್ಲ. ಬಿಡುವಾಗ ಹೊಟ್ಟೆ ಉರಿಯಿತು, ನಿಜ. ಮಳೆಗಾಲ ಮುಗಿಯುವಾಗ 34 ಹನಿ ಇದ್ದದ್ದು 23ಕ್ಕೆ ಬಂತು, ಉಪ್ಪೂ 2,900ಕ್ಕೆ ಇಳಿಯಿತು. ಈಗ 10,000 ಲೀಟರಿನ ಸಂಪ್‌ನಲ್ಲಿ ಮಳೆನೀರು ಹಿಡಿದಿದ್ದೇನೆ, ಬೋರ್ ನೀರಿಗೆ ಅರ್ಧಕ್ಕರ್ಧ ಬೆರೆಸಿ ಬಿಡುತ್ತೇನೆ. ಬಿಸಿಲಿಗೆ ಕ್ಲೋರಿನ್ ಹಾರಿ ಹೋಗದಿರಲು ಸಯನೂರಿಕ್ ಆಸಿಡ್ 30ರಿಂದ 50 ಪಿಪಿಎಂ ಇದ್ದರೆ ಸಾಕು, ತೀರಾ ಜಾಸ್ತಿಯಾದರೆ ಕ್ಲೋರಿನ್ನಿನ ಕೆಲಸವೇ ನಿಧಾನವಾಗುತ್ತದೆ, ಅದನ್ನು ತಿಂಗಳಿಗೊಮ್ಮೆ ನೋಡಿಕೊಳ್ಳಬೇಕು.

ಈಗ ಎರಡನೇ ಬೇಸಿಗೆ. ವಾರಕ್ಕೆ ಎರಡು ಸಲ ಪಿಎಚ್, ಸುಮಾರು 800 ಎಂಎಲ್ ಆಸಿಡ್. ಮೊನ್ನೆ ಭಾನುವಾರ ಸೆಲ್ ಬಿಚ್ಚಿ ಭಾವನ ಹಾಗೆ ಬೆಳಕಿಗೆ ಹಿಡಿದೆ, ಆ ಕಡೆಯ ಬೇವಿನ ಮರ ಕಾಣಿಸಿತು. ಪೈಪ್ ನೀರಲ್ಲಿ ತೊಳೆದು ವಾಪಸ್ ಕೂರಿಸಿದೆ. ಉಳಿದ ಎರಡು ಚೀಲ ಉಪ್ಪು ಇನ್ನೂ ಮೆಟ್ಟಿಲ ಕೆಳಗಿದೆ. ಉಪ್ಪಿನಕಾಯಿಗೆ ನಡೆಯುತ್ತಾ ಅಂತ ಅವ್ವ ಕೇಳುತ್ತಿದ್ದಾಳೆ.