ಫಿಲಡೆಲ್ಫಿಯಾದ ಗೋಡೆಗಳ ನಡುವೆ

ಅಮೆರಿಕದ ಫಿಲಡೆಲ್ಫಿಯಾ ನಗರದ ಆಡಳಿತ ಭವನವಾದ ಸಿಟಿ ಹಾಲ್ ಮೈತುಂಬ ಶಿಲ್ಪಗಳನ್ನು ಹೊತ್ತ ಕಟ್ಟಡ. ಅಲೆಕ್ಸಾಂಡರ್ ಮಿಲ್ನ್ ಕಾಲ್ಡರ್ ರೂಪಿಸಿದ 250ಕ್ಕೂ ಹೆಚ್ಚು ಶಿಲ್ಪಗಳು ಅದರ ಒಳಗೂ ಹೊರಗೂ ಇವೆ. ಗೋಪುರದ ತುದಿಯಲ್ಲಿ ನಗರದ ಸ್ಥಾಪಕ ವಿಲಿಯಂ ಪೆನ್ 37 ಅಡಿ ಎತ್ತರದ ಕಂಚಿನ ಪ್ರತಿಮೆಯಾಗಿ ನಿಂತಿದ್ದಾನೆ. ನಾನು ಹುಡುಕಿಕೊಂಡು ಹೋದದ್ದು ಮಾತ್ರ ಕಟ್ಟಡದ ದಕ್ಷಿಣ ಬದಿಯಲ್ಲಿ, ಪಾದಚಾರಿಗಳ ನಡುವೆಯೇ ಇರುವ ಇನ್ನೊಂದು ಪ್ರತಿಮೆಯನ್ನು. ಆಕ್ಟೇವಿಯಸ್ ಕ್ಯಾಟೊ ಶಿಕ್ಷಕ, ಬೇಸ್‌ಬಾಲ್ ಆಟಗಾರ. ಕುದುರೆ ಎಳೆಯುವ ಟ್ರಾಮ್‌ಗಳಲ್ಲಿ ಕಪ್ಪು ಜನರಿಗೂ ಸಮಾನ ಪ್ರವೇಶ ದೊರಕಬೇಕೆಂದು ಹೋರಾಡಿದವನು. 1871ರ ಚುನಾವಣೆಯ ದಿನ, ಕಪ್ಪು ಮತದಾರರನ್ನು ಬೆದರಿಸಲು ನಡೆದ ಹಿಂಸಾಚಾರದಲ್ಲಿ ಅವನನ್ನು ಗುಂಡಿಟ್ಟು ಕೊಂದರು. ಬ್ರಾನ್ಲಿ ಕಡೆಟ್ ಎಂಬ ಕಲಾವಿದನ ಈ ಕೃತಿಯಲ್ಲಿ ಕ್ಯಾಟೊ ತೋಳುಗಳನ್ನು ಹಿಂದಕ್ಕೆ ಚಾಚಿ ಮತಪೆಟ್ಟಿಗೆಯ ಕಡೆಗೆ ಹೆಜ್ಜೆ ಇಡುತ್ತಿದ್ದಾನೆ. ಅವನ ಬೆನ್ನ ಹಿಂದಿನ ಗ್ರಾನೈಟ್ ಕಂಬಗಳನ್ನು ಹತ್ತಿರ ಹೋಗಿ ನೋಡಿದರೆ ಅವು ಕಂಬಗಳಲ್ಲ, ತಲೆಯೆತ್ತಿ ನಿಲ್ಲಿಸಿದ ಟ್ರಾಮ್ ಗಾಡಿಗಳು ಎಂಬುದು ತಿಳಿಯುತ್ತದೆ. ಪ್ರತಿಮೆ ಅನಾವರಣಗೊಂಡದ್ದು 2017ರಲ್ಲಿ. ನಗರಕ್ಕೆ ಸೇರಿದ ಸಾರ್ವಜನಿಕ ಜಾಗದಲ್ಲಿ, ನಿಜವಾಗಿ ಬದುಕಿದ್ದ ಒಬ್ಬ ಕಪ್ಪು ಅಮೆರಿಕನ್ ವ್ಯಕ್ತಿಗಾಗಿಯೇ ನಿಲ್ಲಿಸಿದ ಮೊದಲ ಪ್ರತಿಮೆ ಅದು. ಮೂರು ಶತಮಾನ ದಾಟಿದ ಊರಿನಲ್ಲಿ ಇದಕ್ಕೆ ಇಷ್ಟು ಕಾಲ ಹಿಡಿಯಿತು.

ರಸ್ತೆ ದಾಟಿದರೆ ಥಾಮಸ್ ಪೇನ್ ಪ್ಲಾಜಾ. ಪೊಲೀಸ್ ಕಮಿಷನರ್ ಆಗಿದ್ದು ಬಳಿಕ ಮೇಯರ್ ಪದವಿಗೇರಿದ ಫ್ರಾಂಕ್ ರಿಜ್ಜೋನ ಕಂಚಿನ ಪ್ರತಿಮೆ ಎರಡು ದಶಕಗಳಿಗೂ ಹೆಚ್ಚು ಕಾಲ ಇಲ್ಲಿ ಕೈಯೆತ್ತಿ ನಿಂತಿತ್ತು. ಅವನ ಕಾಲದ ಪೊಲೀಸ್ ದೌರ್ಜನ್ಯವನ್ನು ಮೈಮೇಲೆ ಅನುಭವಿಸಿದ ಕಪ್ಪು ಸಮುದಾಯಕ್ಕೆ ಸರ್ಕಾರಿ ಕಚೇರಿಯ ಮೆಟ್ಟಿಲು ಹತ್ತುವಾಗಲೆಲ್ಲ ಆ ಪ್ರತಿಮೆಯೇ ಎದುರಾಗುತ್ತಿತ್ತು. ಪೊಲೀಸರ ಕೈಯಲ್ಲಿ ನಡೆದ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರದ ಪ್ರತಿಭಟನೆಗಳ ನಡುವೆ, 2020ರ ಜೂನ್ 3ರ ನಸುಕಿನಲ್ಲಿ ನಗರಾಡಳಿತ ಅದನ್ನು ತೆರವುಗೊಳಿಸಿತು. ಅದೇ ವಾರ ಇಟಾಲಿಯನ್ ಮಾರ್ಕೆಟ್‌ನ ಗೋಡೆಯ ಮೇಲಿದ್ದ ರಿಜ್ಜೋ ಚಿತ್ರಕ್ಕೂ ಬಣ್ಣ ಬಳಿಯಲಾಯಿತು. ಆ ಚಿತ್ರವನ್ನು ಇನ್ನು ಮುಂದೆ ದುರಸ್ತಿ ಮಾಡುವುದಿಲ್ಲವೆಂದು ಮ್ಯೂರಲ್ ಆರ್ಟ್ಸ್ ಎಂಬ ನಗರದ ಭಿತ್ತಿಚಿತ್ರ ಯೋಜನೆಯೇ ಅಷ್ಟರಲ್ಲಿ ಘೋಷಿಸಿತ್ತು. ಹಾಗೆಂದು ಆಡಳಿತ ಅಂದಿನಿಂದ ಪೂರ್ತಿ ಪಾಠ ಕಲಿಯಿತು ಎನ್ನುವಂತಿಲ್ಲ. ಗುಲಾಮಗಿರಿಯಿಂದ ಜನರನ್ನು ಪಾರುಮಾಡಿದ ಹ್ಯಾರಿಯಟ್ ಟಬ್ಮನ್ ಸ್ಮಾರಕದ ಕೆಲಸವನ್ನು ಸ್ಪರ್ಧೆಯಿಲ್ಲದೆ ಒಬ್ಬ ಬಿಳಿಯ ಶಿಲ್ಪಿಗೆ ಒಪ್ಪಿಸಲು ಹೊರಟಾಗ ಕಪ್ಪು ಕಲಾವಿದರು 2022ರಲ್ಲಿ ಬಹಿರಂಗವಾಗಿಯೇ ಪ್ರಶ್ನಿಸಿದರು. ಮುಕ್ತ ಆಹ್ವಾನ ಹೊರಡಿಸಿ, ಅಂತಿಮ ಸುತ್ತಿನ ವಿನ್ಯಾಸಗಳನ್ನು ಜನರ ಮುಂದಿಟ್ಟು, 2023ರಲ್ಲಿ ಕಪ್ಪು ಶಿಲ್ಪಿ ಆಲ್ವಿನ್ ಪೆಟಿಟ್ ಅವರನ್ನು ಆರಿಸಬೇಕಾಯಿತು. ಜನಾಂಗೀಯ ನ್ಯಾಯದ ಹೆಸರಿನಲ್ಲಿ ಕಲೆ ಏನು ಮಾಡಬಲ್ಲದು ಎಂದು ನೋಡಲು ಬಂದ ನನಗೆ, ಯಾರ ಪ್ರತಿಮೆ ಎಂಬುದರಷ್ಟೇ ಅದನ್ನು ಯಾರು ತೀರ್ಮಾನಿಸಿದರು ಎಂಬುದೂ ಮುಖ್ಯವೆಂಬುದು ಈ ಒಂದೇ ಚೌಕದ ಆಸುಪಾಸಿನಲ್ಲಿ ಮನದಟ್ಟಾಯಿತು.

ಕಲೆಗೂ ನಗರಾಡಳಿತಕ್ಕೂ ಇಲ್ಲಿ ಹಳೆಯ ನಂಟು. ನಗರದ ಪುನರಾಭಿವೃದ್ಧಿ ಪ್ರಾಧಿಕಾರದಿಂದ ಜಾಗ ಪಡೆದು ಕಟ್ಟುವವರು ನಿರ್ಮಾಣ ವೆಚ್ಚದ ಶೇ. 1ರಷ್ಟನ್ನು ಕಲೆಗೆ ಮೀಸಲಿಡಬೇಕೆಂಬ ನಿಯಮ 1959ರಲ್ಲೇ ಬಂದಿತು. ಅಮೆರಿಕದಲ್ಲಿ ಅಂಥದ್ದು ಅದೇ ಮೊದಲು. ಆದರೆ ಆ ಹಣ ಬಹುಪಾಲು ಸೇರಿದ್ದು ಹೊಸ ಕಟ್ಟಡಗಳೆದ್ದ ಕಡೆಗೆ. ಬಡ ಕೇರಿಗಳಿಗೆ ಬಣ್ಣ ತಲುಪಿದ್ದು ಬೇರೆ ದಾರಿಯಲ್ಲಿ. 1984ರಲ್ಲಿ ಮೇಯರ್ ವಿಲ್ಸನ್ ಗೂಡ್ ಗ್ರಾಫಿಟಿ ವಿರೋಧಿ ಜಾಲವೊಂದನ್ನು ಆರಂಭಿಸಿ, ಗೋಡೆಗಳ ಮೇಲೆ ಹೆಸರು ಗೀಚುತ್ತಿದ್ದ ಹುಡುಗರು ಅದನ್ನು ಬಿಡುವುದಾಗಿ ಬರೆದುಕೊಟ್ಟರೆ ಅವರ ಮೇಲೆ ಮೊಕದ್ದಮೆ ಹೂಡುವುದಿಲ್ಲವೆಂದರು. ಆ ಹುಡುಗರೊಂದಿಗೆ ಕೆಲಸ ಮಾಡಲು ನೇಮಕಗೊಂಡ ಚಿತ್ರಕಲಾವಿದೆ ಜೇನ್ ಗೋಲ್ಡನ್, ದಂಡನೆಯ ಯೋಜನೆಯಾಗಬಹುದಾಗಿದ್ದುದನ್ನು ಕಲಿಕೆಯ ಯೋಜನೆಯಾಗಿ ತಿರುಗಿಸಿದರು. ಅದೇ ಬೆಳೆದು ಮ್ಯೂರಲ್ ಆರ್ಟ್ಸ್ ಆಯಿತು; ಇದುವರೆಗೆ ಅದರ ಕೈಯಲ್ಲಿ 4,000ಕ್ಕೂ ಹೆಚ್ಚು ಭಿತ್ತಿಚಿತ್ರಗಳು ಮೂಡಿವೆ.

ಆ ಚಿತ್ರಗಳಲ್ಲಿ ಒಂದು ಮಾಲೆಯನ್ನು ನೋಡಲು ಸಾಲು ಕಂಬಗಳ ಮೇಲೆ ಓಡುವ ರೈಲು ಹತ್ತಿ ಪಶ್ಚಿಮಕ್ಕೆ ಹೊರಟೆ. 45ನೇ ಬೀದಿಯಿಂದ 63ನೇ ಬೀದಿಯವರೆಗೆ ಮಾರ್ಕೆಟ್ ಸ್ಟ್ರೀಟ್‌ನ ಮಹಡಿಗೋಡೆಗಳ ಮೇಲೆ 2009ರಲ್ಲಿ ಬರೆದ 50 ಚಿತ್ರಗಳು ಒಂದು ಪ್ರೇಮಪತ್ರವಾಗಿ ಹರಿಯುತ್ತವೆ. ಬರೆದ ಸ್ಟೀಫನ್ ಪವರ್ಸ್ ಇದೇ ಭಾಗದಲ್ಲಿ ಬೆಳೆದ, ಹಿಂದೆ ಗ್ರಾಫಿಟಿಯನ್ನೇ ಬರೆಯುತ್ತಿದ್ದ ಕಲಾವಿದ. ನೆಲದಲ್ಲಿ ನಡೆಯುವವರಿಗೆ ಇವುಗಳಲ್ಲಿ ಹಲವು ಸರಿಯಾಗಿ ಕಾಣುವುದೇ ಇಲ್ಲ. ರೈಲಿನ ಕಿಟಕಿಯ ಎತ್ತರಕ್ಕೆ ಲೆಕ್ಕ ಹಾಕಿ, ದಿನವೂ ಕೆಲಸಕ್ಕೆ ಹೋಗಿ ಬರುವವರಿಗಾಗಿಯೇ ಬರೆದವು. ನನ್ನ ಎದುರಿನ ಸೀಟಿನಲ್ಲಿದ್ದ ನರ್ಸ್ ಸಮವಸ್ತ್ರದ ಮಹಿಳೆ ಒಂದು ಸಲವೂ ತಲೆಯೆತ್ತಲಿಲ್ಲ. ನಿತ್ಯ ನೋಡುವವರು ಪ್ರವಾಸಿಗನ ಹಾಗೆ ಬಾಯಿ ಬಿಟ್ಟು ನೋಡಬೇಕೆಂದೇನೂ ಇಲ್ಲವಲ್ಲ.

ಆ ಸಾಲಿನ ಕೊನೆಯ ನಿಲ್ದಾಣಗಳಲ್ಲಿ ಒಂದರಲ್ಲಿ ಇಳಿದು ದಕ್ಷಿಣಕ್ಕೆ ನಡೆದರೆ ಓಸೇಜ್ ಅವೆನ್ಯೂ ಸಿಗುತ್ತದೆ. ಒಂದಕ್ಕೊಂದು ಅಂಟಿಕೊಂಡ ಸಾಧಾರಣ ಮನೆಗಳ, ಮರಗಳಿರುವ ಬೀದಿ. 1985ರ ಮೇ 13ರಂದು ಮೂವ್ ಎಂಬ ಕಪ್ಪು ಹೋರಾಟಗಾರರ ಗುಂಪಿನವರು ವಾಸವಿದ್ದ ಇಲ್ಲಿನ ಮನೆಯ ಮೇಲೆ ಪೊಲೀಸರು ಹೆಲಿಕಾಪ್ಟರ್‌ನಿಂದ ಬಾಂಬ್ ಹಾಕಿದರು. ಹೊತ್ತಿಕೊಂಡ ಬೆಂಕಿಯನ್ನು ತಕ್ಷಣ ಆರಿಸಲಿಲ್ಲ. ಐವರು ಮಕ್ಕಳೂ ಸೇರಿ 11 ಮಂದಿ ಸತ್ತರು, 61 ಮನೆಗಳು ಸುಟ್ಟುಹೋದವು. ಆಗಿನ ಮೇಯರ್ ಅದೇ ವಿಲ್ಸನ್ ಗೂಡ್, ನಗರದ ಮೊದಲ ಕಪ್ಪು ಮೇಯರ್. ಗೋಡೆ ಗೀಚುವ ಹುಡುಗರ ಕೈಗೆ ಕುಂಚ ಕೊಟ್ಟ ಆಡಳಿತವೇ ಮರುವರ್ಷ ತನ್ನದೇ ಪ್ರಜೆಗಳ ಮನೆಯ ಮೇಲೆ ಬಾಂಬ್ ಹಾಕಿಸಿತು. ಭಿತ್ತಿಚಿತ್ರಗಳನ್ನು ಕೊಂಡಾಡುವ ಪ್ರವಾಸಿ ಕೈಪಿಡಿಗಳು ಈ ಎರಡು ಸಂಗತಿಗಳನ್ನು ಒಂದೇ ಪುಟದಲ್ಲಿ ಹೇಳುವುದು ಅಪರೂಪ. ಹೇಳಬೇಕೆಂಬುದು ನನ್ನ ಅಭಿಪ್ರಾಯ. ನಗರಸಭೆ ಔಪಚಾರಿಕವಾಗಿ ಕ್ಷಮೆ ಕೇಳಿದ್ದು 2020ರಲ್ಲಿ. ಅದಕ್ಕೂ ಮೂರು ವರ್ಷ ಮೊದಲೇ ಬೀದಿಯ ಮೂಲೆಯಲ್ಲಿ ಇತಿಹಾಸ ಫಲಕವೊಂದು ಎದ್ದಿತ್ತು. ನೀಲಿ ಹಿನ್ನೆಲೆಯ ಮೇಲೆ ಹಳದಿ ಅಕ್ಷರಗಳ ಆ ಫಲಕಕ್ಕಾಗಿ ಪಟ್ಟು ಹಿಡಿದವರು ಒಂದು ಸಣ್ಣ ಶಾಲೆಯ ಮಕ್ಕಳು.

ಸೌತ್ ಸ್ಟ್ರೀಟ್‌ನ ಅಗ್ನಿಶಾಮಕ ಠಾಣೆಯ ಗೋಡೆಯ ಚಿತ್ರದಲ್ಲಿ ಕಪ್ಪು ಸಮಾಜಶಾಸ್ತ್ರಜ್ಞ ಡಬ್ಲ್ಯು.ಇ.ಬಿ. ಡುಬೋಯಿಸ್ ಇದ್ದಾರೆ. 1896ರಲ್ಲಿ ಈ ಊರಿಗೆ ಬಂದು, ಆಗಿನ ಏಳನೇ ವಾರ್ಡಿನ ಕಪ್ಪು ಕುಟುಂಬಗಳ ಮನೆಮನೆ ತಿರುಗಿ ಅವರು ನಡೆಸಿದ ಸಮೀಕ್ಷೆ 1899ರಲ್ಲಿ ಪುಸ್ತಕವಾಯಿತು. ಬಡತನಕ್ಕೆ ಕಪ್ಪು ಜನರ ಸ್ವಭಾವವೇ ಕಾರಣವೆಂಬ ಅಂದಿನ ಮಾತಿಗೆ ಅಂಕಿ ಅಂಶಗಳ ಮೂಲಕ ಕೊಟ್ಟ ಉತ್ತರ ಅದು. ಅದೇ ಚಿತ್ರದಲ್ಲಿ ಹನ್ನೊಂದನೇ ಅಗ್ನಿಶಾಮಕ ದಳದ ಕಪ್ಪು ಸಿಬ್ಬಂದಿಗೂ ಗೌರವ ಸಲ್ಲಿಸಲಾಗಿದೆ. ಸುತ್ತಲಿನ ಬೀದಿಗಳಲ್ಲಿ ಈಗ ಬಾಡಿಗೆ ದುಬಾರಿ. ಚಿತ್ರದೊಳಗಿನ ಜನರ ಮೊಮ್ಮಕ್ಕಳಲ್ಲಿ ಇಲ್ಲೇ ಉಳಿಯಬಲ್ಲವರು ಎಷ್ಟು ಮಂದಿ ಎಂದು ಯಾರಾದರೂ ಕೇಳಬಹುದು.

ಉತ್ತರ ಫಿಲಡೆಲ್ಫಿಯಾದ ಜರ್ಮನ್‌ಟೌನ್ ಅವೆನ್ಯೂ ಬಳಿಯ ವಿಲೇಜ್ ಆಫ್ ಆರ್ಟ್ಸ್ ಅಂಡ್ ಹ್ಯುಮ್ಯಾನಿಟೀಸ್‌ನಲ್ಲಿ ನಾನು ಹೆಚ್ಚು ಹೊತ್ತು ಕಳೆದೆ. 1986ರಲ್ಲಿ, ನೃತ್ಯಗಾರ ಆರ್ಥರ್ ಹಾಲ್ ಆಹ್ವಾನದ ಮೇರೆಗೆ, ಚೀನಾದಲ್ಲಿ ಹುಟ್ಟಿದ ಕಲಾವಿದೆ ಲಿಲಿ ಯೇ ಇಲ್ಲಿನ ಪಾಳು ನಿವೇಶನವೊಂದನ್ನು ನೆರೆಯವರ ಜೊತೆ ಸೇರಿ ಉದ್ಯಾನವಾಗಿಸಲು ತೊಡಗಿದರು. ಮೊದಮೊದಲು ಬಂದವರು ಮಕ್ಕಳು, ಆಮೇಲೆ ದೊಡ್ಡವರು. ಒಡೆದ ಹಂಚಿನ ಚೂರುಗಳನ್ನು ಸಿಮೆಂಟಿನಲ್ಲಿ ಒತ್ತಿ ಮಾಡಿದ ರೆಕ್ಕೆಯ ದೇವದೂತರು ಇಂದಿಗೂ ಗಲ್ಲಿಯ ಗೋಡೆಯಲ್ಲಿ ಸಾಲಾಗಿ ನಿಂತಿದ್ದಾರೆ. ಬೆರಳಿಟ್ಟು ನೋಡಿದರೆ ಕೆಲವು ಚೂರುಗಳ ಅಂಚು ಇನ್ನೂ ಚೂಪಾಗಿದೆ. ಈ ಸಂಸ್ಥೆಯ ಇನ್ನೊಂದು ಕೆಲಸ ನನ್ನನ್ನು ಹೆಚ್ಚು ಹಿಡಿದಿಟ್ಟಿತು. ಅಮೆರಿಕದಲ್ಲಿ ಒಮ್ಮೆ ಬಂಧನವಾದರೆ, ಶಿಕ್ಷೆಯಾಗದಿದ್ದರೂ ಪೊಲೀಸ್ ದಾಖಲೆ ಉಳಿಯುತ್ತದೆ, ನೌಕರಿಗೂ ಬಾಡಿಗೆ ಮನೆಗೂ ಅಡ್ಡ ಬರುತ್ತದೆ. ಇದರ ಭಾರ ಬೀಳುವುದು ಹೆಚ್ಚಾಗಿ ಕಪ್ಪು ಜನರ ಮೇಲೆ. ವಕೀಲರ ನೆರವಿನಿಂದ ಅಂಥ ದಾಖಲೆಗಳನ್ನು ಅಳಿಸುವ ಶಿಬಿರಗಳಲ್ಲಿ, ಪೀಪಲ್ಸ್ ಪೇಪರ್ ಕೋ-ಆಪ್ ಎಂಬ ಯೋಜನೆಯವರು ದಾಖಲೆಯ ಮುದ್ರಿತ ಹಾಳೆಗಳನ್ನು ಆ ವ್ಯಕ್ತಿಯ ಕೈಯಲ್ಲೇ ಹರಿದು ಹಾಕಿಸಿ, ನೀರಿನೊಂದಿಗೆ ಮಿಕ್ಸಿಗೆ ಹಾಕಿ ಅರೆದು, ಜರಡಿಯ ಮೇಲೆ ಹರಡಿ ಹೊಸ ಕಾಗದ ಮಾಡಿಸುತ್ತಾರೆ. ಆ ಕಾಗದ ಒರಟು, ಬೂದು ಛಾಯೆಯದು. ಇಲ್ಲಿ ಕಲೆಗಿಂತ ಮೊದಲು ವಕೀಲರು ತಮ್ಮ ಕೆಲಸ ಮುಗಿಸಿರುತ್ತಾರೆ ಎಂಬುದನ್ನು ಗಮನಿಸಬೇಕು. ದಾಖಲೆ ಅಳಿಯದೆ ಬರೀ ಕಾಗದ ಅರೆದಿದ್ದರೆ ಅದು ತೋರಿಕೆಯಾಗುತ್ತಿತ್ತು.

ಭಿತ್ತಿಚಿತ್ರ ನೇರವಾಗಿ ಗೋಡೆಯ ಮೇಲೆಯೇ ಆಗಬೇಕೆಂದು ಭಾವಿಸಿದವರಿಗೆ ಸಮುದಾಯದವರೆಲ್ಲ ಸೇರಿ ಬಣ್ಣ ಹಚ್ಚುವ ದಿನ ಬೇರೆಯದೇ ನೋಟ ಕೊಡುತ್ತದೆ. ನಾನು ಹೋದ ಸಭಾಂಗಣದಲ್ಲಿ ಉದ್ದ ಮೇಜುಗಳ ಮೇಲೆ ಐದಡಿ ಚದರದ ತೆಳು ಬಟ್ಟೆಗಳನ್ನು ಹಾಸಿದ್ದರು. ಅದನ್ನು ಪ್ಯಾರಾಚೂಟ್ ಬಟ್ಟೆ ಎನ್ನುತ್ತಾರೆ. ಪ್ರತಿಯೊಂದರ ಮೇಲೂ ಚಿತ್ರದ ಒಂದು ತುಂಡನ್ನು ರೇಖೆಗಳಲ್ಲಿ ಬಿಡಿಸಿ, ರೇಖೆಗಳ ನಡುವಿನ ಪ್ರತಿ ಭಾಗಕ್ಕೂ ಅಂಕಿ ಹಾಕಿತ್ತು. ಅಂಕಿಗೆ ತಕ್ಕ ಬಣ್ಣ ತುಂಬಿದರಾಯಿತು. ಒಣಗಿದ ಬಟ್ಟೆಗಳನ್ನು ಅಕ್ರಿಲಿಕ್ ಅಂಟಿನಿಂದ ಗೋಡೆಗೆ ಅಂಟಿಸಿ, ಅಂಚುಗಳು ಕಾಣದಂತೆ ಮೇಲೆ ಮತ್ತೆ ಬಣ್ಣ ಕೊಡುತ್ತಾರೆ. ಏಣಿ ಹತ್ತಲಾಗದ ವೃದ್ಧರು, ಶಾಲೆಯ ಮಕ್ಕಳು, ಆಸ್ಪತ್ರೆಯಲ್ಲಿರುವವರು, ಜೈಲಿನ ಕೈದಿಗಳು ಕೂಡ ಒಂದೇ ಗೋಡೆಯ ಮೇಲೆ ಕೈಯಾಡಿಸಲು ಸಾಧ್ಯವಾದದ್ದು ಈ ಬಟ್ಟೆಯಿಂದ. ನನ್ನ ಪಾಲಿಗೆ ಬಂದದ್ದು ಯಾರದೋ ಕೋಟಿನ ತೋಳು. ಪಕ್ಕದಲ್ಲಿ ಕುಳಿತಿದ್ದ ಹಿರಿಯ ಮಹಿಳೆ, ತಮ್ಮ ಬೀದಿಯಲ್ಲಿ ಕರಡುಚಿತ್ರವನ್ನು ನೆರೆಯವರು ಒಪ್ಪದೆ ಕಲಾವಿದರು ಹೊಸದಾಗಿ ಬಿಡಿಸಬೇಕಾಯಿತೆಂದು ಹೇಳಿದರು. ಹೇಳುವಾಗ ಅವರಿಗೆ ತುಸು ಹೆಮ್ಮೆಯೇ ಇತ್ತು.

ನಗರದ ಮಾನಸಿಕ ಆರೋಗ್ಯ ಇಲಾಖೆಯ ಜೊತೆ ಮ್ಯೂರಲ್ ಆರ್ಟ್ಸ್ ನಡೆಸುವ ಪೋರ್ಚ್ ಲೈಟ್ ಯೋಜನೆಯಲ್ಲಿ ಮಾನಸಿಕ ಕಾಯಿಲೆ, ವ್ಯಸನ ಮತ್ತು ಹಿಂಸೆಯ ಗಾಯಗಳಿಂದ ಚೇತರಿಸಿಕೊಳ್ಳುತ್ತಿರುವವರು ಇದೇ ರೀತಿ ಕುಳಿತು ಬಣ್ಣ ಹಚ್ಚುತ್ತಾರೆ. ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಹಲವು ವರ್ಷ ಇದನ್ನು ಅಧ್ಯಯನ ಮಾಡಿ, ಹೊಸ ಚಿತ್ರಗಳು ಬಂದ ಸುತ್ತಮುತ್ತ ನೆರೆಹೊರೆಯವರಲ್ಲಿ ಪರಸ್ಪರ ನಂಬಿಕೆ ಹೆಚ್ಚಿತು, ಮಾನಸಿಕ ಕಾಯಿಲೆಯ ಬಗೆಗಿನ ಕಳಂಕದ ಭಾವನೆ ತಗ್ಗಿತು ಎಂದು ವರದಿ ಮಾಡಿದರು. ಚಿತ್ರ ನೋಡಿ ಕಾಯಿಲೆ ವಾಸಿಯಾಯಿತು ಎಂದು ಇದನ್ನು ಓದಿಕೊಳ್ಳಬಾರದು. ಸಂಬಳ ಪಡೆಯುವ ಚಿಕಿತ್ಸಕರು, ನಡೆಯುತ್ತಲೇ ಇರುವ ಚಿಕಿತ್ಸೆ, ಜೊತೆಗೆ ವಾರವಾರವೂ ತೆರೆಯುವ ಒಂದು ಕೋಣೆ, ಇವೆಲ್ಲ ಇದ್ದಲ್ಲಿ ಬಣ್ಣವೂ ಕೆಲಸ ಮಾಡುತ್ತದೆ. ಅದಕ್ಕೆ ಹಣ ಬೇಕು, ಮತ್ತು ಬಿಕ್ಕಟ್ಟು ಬಂದಾಗ ಮೊದಲು ಕತ್ತರಿ ಬೀಳುವುದೂ ಅಲ್ಲಿಗೇ: 2020ರ ಕೋವಿಡ್ ಬಜೆಟ್‌ನಲ್ಲಿ ಈ ನಗರ ತನ್ನ ಕಲೆ ಮತ್ತು ಸಂಸ್ಕೃತಿಯ ಕಚೇರಿಯನ್ನೇ ಮುಚ್ಚಿತು. ಗೋಡೆಗಳಿಗಿರುವ ಅಪಾಯ ಇನ್ನೊಂದು. ಭಿತ್ತಿಚಿತ್ರಗಳು ಹೆಚ್ಚಾಗಿ ಇರುವುದು ಖಾಲಿ ನಿವೇಶನದ ಪಕ್ಕದಲ್ಲಿ, ಮತ್ತು ಬೀದಿಗೆ ಬೆಲೆ ಬಂದೊಡನೆ ಆ ನಿವೇಶನದಲ್ಲೇ ಕಟ್ಟಡ ಏಳುತ್ತದೆ. ಕೋಟಿನ ತೋಳಿಗೆ ಬಣ್ಣ ತುಂಬುತ್ತ ನಾನು ಇದನ್ನು ಕೇಳಿದಾಗ ಆ ಹಿರಿಯ ಮಹಿಳೆ, ತಮ್ಮ ಬೀದಿಯವರು ಈ ಸಲ ಗೋಡೆಯ ಜೊತೆ ಪಕ್ಕದ ನಿವೇಶನವನ್ನೂ ತೋಟಕ್ಕಾಗಿ ಕೊಡಬೇಕೆಂದು ನಗರಕ್ಕೆ ಅರ್ಜಿ ಹಾಕಿದ್ದಾರೆ, ಮುಂದಿನ ತಿಂಗಳು ಅದರ ಸಭೆ ಇದೆ ಎಂದರು.