ಬದುಕಿ ಉಳಿದವರ ಕಥೆಗಳು: ರುವಾಂಡಾವರೆಗೆ ಬಂದೆವು

ಮಳೆ ಹಿಡಿದ ಮೇಲೂ ಗೋಣಿಕೊಪ್ಪದ ನಮ್ಮ ಭಾನುವಾರದ ಓದು ನಿಂತಿಲ್ಲ. ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಕರೆಂಟ್ ಇಲ್ಲದ ದಿನವೂ ಬರುತ್ತಾರೆ. ವಿಷಯ ನರಮೇಧ. ಅಂಕಿಗಳಿಂದ ಶುರು ಮಾಡುವುದು ಬೇಡ, ಹೆಣಗಳ ಫೋಟೋ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ನಾಜಿಗಳ ಕೈಯಲ್ಲಿ 60 ಲಕ್ಷ ಯಹೂದಿಗಳು ಸತ್ತರು ಅಂದರೆ ಅದು ಪರೀಕ್ಷೆಗೆ ಬಾಯಿಪಾಠ ಮಾಡುವ ಸಂಖ್ಯೆ ಆಗಿಬಿಡುತ್ತದೆ, ಅಲ್ವಾ?

ಅದಕ್ಕೇ ಬದುಕಿ ಉಳಿದ ಒಬ್ಬೊಬ್ಬರ ಕಥೆ ಹೇಳುತ್ತಿದ್ದೇನೆ. ಈವಾ ಕೋರ್ ಕಥೆ ಮುಗಿಯಿತು. 1944ರಲ್ಲಿ ಹತ್ತು ವರ್ಷದ ಈವಾ, ಅವಳಿ ಸೋದರಿ ಮಿರಿಯಂ ಜೊತೆ ನಾಜಿಗಳ ಆಶ್ವಿಟ್ಜ್ ಶಿಬಿರ ಸೇರಿದಳು. ಅಲ್ಲಿ ನಾಜಿ ವೈದ್ಯ ಮೆಂಗೆಲೆ ಅವಳಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ಚಿಕ್ಕದಾಗಿ ಹೇಳಿದೆ. ಮಿರಿಯಂಗಾಗಿ ಈವಾ ಆಲೂಗಡ್ಡೆ ಕದ್ದು ತಂದದ್ದನ್ನು ಜಾಸ್ತಿ ಹೇಳಿದೆ.

ಈಗ ಆಫ್ರಿಕಾದ ರುವಾಂಡಾದ ಇಮಾಕ್ಯುಲೇ ಇಲಿಬಗಿಜಾ. ಅಲ್ಲೂ ಬೆಟ್ಟ, ಅಲ್ಲೂ ಕಾಫಿ. ಅಲ್ಲಿನ ಹುಟು, ಟುಟ್ಸಿ ಅನ್ನುವ ಎರಡು ಗುಂಪಿನವರದ್ದೂ ಒಂದೇ ಭಾಷೆ. ಆದರೆ 1930ರ ದಶಕದಲ್ಲಿ ಬೆಲ್ಜಿಯಂ ಆಡಳಿತ ಗುರುತಿನ ಚೀಟಿಯಲ್ಲಿ ಯಾರು ಯಾವ ಗುಂಪು ಅಂತ ಬರೆಸಿತು. ನಾನು ಕಥೆ ಶುರು ಮಾಡಿದ್ದು ಹುಟು ಉಗ್ರರು ಟುಟ್ಸಿಗಳ ನರಮೇಧ ಮಾಡಿದ 1994ರಿಂದ ಅಲ್ಲ, ಅದಕ್ಕೂ ಎಷ್ಟೋ ವರ್ಷ ಮುಂಚೆ ಇಮಾಕ್ಯುಲೇ ಕೂತಿದ್ದ ತರಗತಿಯಿಂದ. ಮೇಷ್ಟ್ರು ಹುಟುಗಳು ಎದ್ದು ನಿಲ್ಲಿ, ಟುಟ್ಸಿಗಳು ಎದ್ದು ನಿಲ್ಲಿ ಅನ್ನುತ್ತಾರೆ. ಈ ಹುಡುಗಿಗೆ ತಾನು ಯಾರು ಅಂತಲೇ ಗೊತ್ತಿಲ್ಲ. ಮನೆಗೆ ಹೋಗಿ ಕೇಳಿಕೊಂಡು ಬಾ ಅಂತ ಹೊರಗೆ ಕಳಿಸುತ್ತಾರೆ. ನಮ್ಮ ಮಕ್ಕಳು ಈ ಜಾಗ ಬಿಟ್ಟು ಮುಂದೆ ಹೋಗಲು ಒಪ್ಪಲೇ ಇಲ್ಲ. ಚೀಟಿ ಇಲ್ಲದಿದ್ದರೆ ಕೊಲ್ಲುವವರಿಗೆ ಹೇಗೆ ಗೊತ್ತಾಗ್ತಿತ್ತು ಅಂತ ಒಬ್ಬ ಕೇಳಿದ. ಅಕ್ಕಪಕ್ಕದವರಿಗೆ ಗೊತ್ತಿತ್ತು, ಮೇಲಾಗಿ ರೇಡಿಯೋದಲ್ಲಿ ಟುಟ್ಸಿಗಳನ್ನು ಜಿರಳೆ ಅನ್ನುತ್ತಿದ್ದರು, ಹೆಸರು ಓದಿ ಹೇಳುತ್ತಿದ್ದರು ಅಂದೆ.

ಆಮೇಲೆ ಪಾದ್ರಿಯ ಮನೆ. ಅವರು ಹುಟು. ಸಣ್ಣ ಬಚ್ಚಲಿನಲ್ಲಿ ಎಂಟು ಟುಟ್ಸಿ ಹೆಂಗಸರನ್ನು ಬಚ್ಚಿಟ್ಟರು. ಇಮಾಕ್ಯುಲೇ ಅಲ್ಲಿ 91 ದಿನ ಇದ್ದರು. ಬಾಗಿಲಿಗೆ ಅಡ್ಡ ಬಟ್ಟೆಯ ಬೀರು ಇಡಿಸಿದ್ದು ಇಮಾಕ್ಯುಲೇ ಅವರದ್ದೇ ಉಪಾಯ. ಹುಡುಕಲು ಬಂದವರಿಗೆ ಬಾಗಿಲು ಕಾಣಲಿಲ್ಲ. ಅಪ್ಪ, ಅಮ್ಮ, ಇಬ್ಬರು ಅಣ್ಣತಮ್ಮಂದಿರು ಉಳಿಯಲಿಲ್ಲ. ಸುಮಾರು 100 ದಿನದಲ್ಲಿ 8 ಲಕ್ಷ ಜನ ಅಂತ ಕೊನೆಗೆ ಹೇಳಿದೆ. ಆಗ ಯಾರೂ ಅದನ್ನು ನೋಟ್ಸ್ ಬರೆದುಕೊಳ್ಳಲಿಲ್ಲ.

ಇಷ್ಟು ಚಿಕ್ಕವರಿಗೆ ಇದೆಲ್ಲ ಯಾಕೆ ಅಂತ ಒಬ್ಬ ತಾಯಿ ಕೇಳಿದರು. ಕೇಳಬೇಕಾದ ಮಾತೇ. ಇನ್ನೂ ಸಣ್ಣ ಮಕ್ಕಳನ್ನು ಕೂರಿಸುವುದಿಲ್ಲ. ಯಾವ ಕಥೆ ಅಂತ ಮನೆಯವರಿಗೆ ಮೊದಲೇ ತಿಳಿಸುತ್ತೇನೆ. ಮಧ್ಯದಲ್ಲಿ ಎದ್ದು ಹೋಗಬೇಕು ಅನಿಸಿದರೆ ಕಾರಣ ಕೇಳುವುದಿಲ್ಲ.

ನನಗೆ ಕಾಡುತ್ತಿರುವುದು ಬೇರೆ. ಈವಾ ಕ್ಷಮಿಸಿದರು, ಇಮಾಕ್ಯುಲೇ ಕೂಡ ಕ್ಷಮಿಸಿದರು. ಎರಡನ್ನೂ ಒಟ್ಟಿಗೆ ಕೇಳಿದ ಮಕ್ಕಳು, ನೊಂದವರು ಕ್ಷಮಿಸಲೇಬೇಕು ಅಂದುಕೊಂಡರೆ ಅದು ಅನ್ಯಾಯ. ಈವಾ ನಿಲುವನ್ನು ಬದುಕುಳಿದ ಎಷ್ಟೋ ಮಂದಿ ಒಪ್ಪಲಿಲ್ಲ. ಅದಕ್ಕೇ ಮುಂದಿನದು ಕಾಂಬೋಡಿಯಾದ ಚುಮ್ ಮೇ. ಮೆಕ್ಯಾನಿಕ್. ಯಂತ್ರ ರಿಪೇರಿ ಬರುತ್ತಿದ್ದುದರಿಂದ, ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಆಡಳಿತ ಜನರನ್ನು ಹಿಂಸಿಸಿ ಕೊಲ್ಲುತ್ತಿದ್ದ ಟುವೋಲ್ ಸ್ಲೆಂಗ್ ಸೆರೆಮನೆಯಲ್ಲಿ ಅವರನ್ನು ಕೊಲ್ಲದೆ ಬಿಟ್ಟರು. ಹೆಂಡತಿ ಮಕ್ಕಳನ್ನು ಕಳೆದುಕೊಂಡ ಅವರು 2009ರಲ್ಲಿ ಆ ಸೆರೆಮನೆಯ ಮುಖ್ಯಸ್ಥ ಡುಚ್ ಎದುರಿಗೇ ಕೋರ್ಟಿನಲ್ಲಿ ಸಾಕ್ಷಿ ಹೇಳಿದರು. ಆ ಸಾಕ್ಷ್ಯವನ್ನು ಮಕ್ಕಳು ಓದುವ ಹಾಗೆ ಕನ್ನಡಕ್ಕೆ ತರುತ್ತಿದ್ದೇನೆ. ಅರ್ಧ ಆಗಿದೆ.