ಬುಟ್ಟನ್‌ಹೈಮ್‌ನಲ್ಲಿ ನೋಡೋಕೆ ಏನಿದೆ ಅಂತ ಕೇಳುವವರಿಗೆ

"ನಿಮ್ಮೂರಲ್ಲಿ ನೋಡೋಕೆ ಏನಿದೆ?" ಬೆಂಗಳೂರಿಂದ ಯುರೋಪ್ ಪ್ಯಾಕೇಜಿಗೆ ಹೊರಟ ನೆಂಟರೆಲ್ಲ ಕೇಳುವ ಪ್ರಶ್ನೆ ಇದು. ಕೇಳುವ ಧಾಟಿಯಲ್ಲೇ ಉತ್ತರವೂ ಇರುತ್ತದೆ. ಏನೂ ಇಲ್ಲ ಅಂತ ಹೇಳಿಬಿಡು, ನಾವು ನೆಮ್ಮದಿಯಾಗಿ ಪ್ಯಾರಿಸ್‌ಗೆ ಹೋಗ್ತೀವಿ ಅಂತ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ. ಬೇಜಾರಾದರೆ ಆಗಲಿ.

ಬುಟ್ಟನ್‌ಹೈಮ್ ಜರ್ಮನಿಯ ಫ್ರಾಂಕೋನಿಯಾ ಸೀಮೆಯ ಒಂದು ಹಳ್ಳಿ. ಬಾಂಬರ್ಗ್ ಮತ್ತು ನ್ಯೂರೆಂಬರ್ಗ್ ನಡುವಿನ ರೈಲು ದಾರಿಯಲ್ಲಿದೆ. ನನ್ನ ಕೆಲಸ ಎರ್ಲಾಂಗನ್‌ನಲ್ಲಿ, ಬಾಡಿಗೆ ಅಲ್ಲಿಗಿಂತ ಇಲ್ಲಿ ಕಮ್ಮಿ. ಅದಕ್ಕೇ ಇಲ್ಲಿದ್ದೀನಿ, ಇತಿಹಾಸ ನೋಡಿಕೊಂಡು ಬಂದವಳಲ್ಲ. ಮ್ಯಾಪಿನಲ್ಲಿ ಇದು ಬವೇರಿಯಾ ರಾಜ್ಯಕ್ಕೆ ಸೇರುತ್ತದೆ. ಆದರೆ ಇಲ್ಲಿಯವರ ಮುಂದೆ ಹಾಗನ್ನಬೇಡಿ. ನೆಪೋಲಿಯನ್ ಕಾಲದಲ್ಲಿ ತಮ್ಮ ಸೀಮೆಯನ್ನು ಬವೇರಿಯಾಕ್ಕೆ ಸೇರಿಸಿದ್ದನ್ನು ಇವರಲ್ಲಿ ಸುಮಾರು ಜನ ಇನ್ನೂ ಮನಸಾರೆ ಒಪ್ಪಿಲ್ಲ.

ಸರಿ, ನೋಡೋಕೆ ಏನಿದೆ? ಸಂತ ಬಾರ್ತಲೋಮ್ಯೂ ಚರ್ಚಿದೆ. ಜೇಫ್ರೀಡ್ ಅನ್ನುವ ಜಹಗೀರುದಾರ ಮನೆತನದ ಬಂಗಲೆ ಇದೆ. ಅವರಿಗಿಂತ ಮೊದಲು ಶ್ಟೀಬರ್ ಅನ್ನುವ ಮನೆತನ ಊರನ್ನು ಆಳುತ್ತಿತ್ತು. ಒಂದೇ ಬೀದಿಯಲ್ಲಿ ಅಕ್ಕಪಕ್ಕ ಎರಡು ಬಿಯರ್ ಭಟ್ಟಿಗಳಿವೆ. ಅದರಲ್ಲಿ ಸೇಂಟ್ ಗಿಯೋರ್ಗನ್ ತನ್ನ ಹುಟ್ಟಿನ ವರ್ಷ 1624 ಅನ್ನುತ್ತದೆ. ಇಷ್ಟು ಸಣ್ಣ ಊರಿಗೆ ಎರಡು ಯಾಕೆ ಅಂತ ಇಲ್ಲಿ ಯಾರೂ ಕೇಳುವುದಿಲ್ಲ.

ಅದೇ ಮಾರ್ಕ್ಟ್ ಬೀದಿಯಲ್ಲಿ 1687ರಲ್ಲಿ ಕಟ್ಟಿದ ಒಂದು ಪುಟ್ಟ ಮನೆ ಇದೆ. ಬಿಳಿ ಗೋಡೆ, ಗೋಡೆಯೊಳಗಿಂದ ಎದ್ದು ಕಾಣುವ ಮರದ ತೊಲೆಗಳಿಗೆ ನೀಲಿ ಬಣ್ಣ. 1829ರ ಫೆಬ್ರವರಿ 26ರಂದು ಲ್ಯೋಬ್ ಸ್ಟ್ರಾಸ್ ಅನ್ನುವ ಹುಡುಗ ಹುಟ್ಟಿದ್ದು ಇಲ್ಲೇ. ಅಮೆರಿಕಕ್ಕೆ ಹೋಗಿ ಲೆವಿ ಅಂತ ಹೆಸರು ಬದಲಾಯಿಸಿಕೊಂಡ. ಹೌದು, ನಿಮ್ಮ ಜೀನ್ಸ್ ಪ್ಯಾಂಟಿನ ಹಿಂದೆ ಇರುವ ಲೆವಿ ಅವನೇ. 2000ದಿಂದ ಈ ಮನೆ ಮ್ಯೂಸಿಯಂ ಆಗಿದೆ.

ಇಷ್ಟು ಹೇಳಿದ್ದೇ ತಡ, ಫೋನಿನ ಆ ಕಡೆ ದನಿಯೇ ಬದಲಾಗುತ್ತದೆ. ಹೋದ ಬೇಸಿಗೆಯಲ್ಲಿ ಅಕ್ಕ ಭಾವ ಬಂದಿದ್ದರು. ಭಾವ ಮ್ಯೂಸಿಯಂ ಬಾಗಿಲಲ್ಲೇ ನಿಂತು, "ಫ್ಯಾಕ್ಟರಿ ಎಲ್ಲಮ್ಮಾ?" ಅಂದರು.

"ಇಲ್ಲಿ ಫ್ಯಾಕ್ಟರಿ ಯಾವತ್ತೂ ಇರಲಿಲ್ಲ ಭಾವ."

"ಮತ್ತೆ ಜೀನ್ಸ್ ಎಲ್ಲಿ ಹೊಲೀತಿದ್ದ?"

"ಅವನು ಹೊಲೀತಾನೇ ಇರಲಿಲ್ಲ."

"ಹಾಗಾದ್ರೆ ಡಿಸ್ಕೌಂಟು ಇಲ್ವಾ?"

ಹಳೇ ಜೀನ್ಸ್ ಇಟ್ಟಿದ್ದ ಗಾಜಿನ ಪೆಟ್ಟಿಗೆಗಳ ಮುಂದೆ ಒಂದೆರಡು ಫೋಟೋ ತೆಗೆದುಕೊಂಡರು. "ಅಷ್ಟೇನಾ?" ಅಂದರು. ಆಮೇಲೆ ಹೆರ್ಜೋಗೆನ್‌ಔರಾಕ್‌ಗೆ ಕರೆದುಕೊಂಡು ಹೋಗು ಅಂತ ಹಟ ಹಿಡಿದರು. ಅಡಿಡಾಸ್, ಪೂಮಾ ಎರಡೂ ಹುಟ್ಟಿದ ಊರು ಅದು. ಇದೇ ಫ್ರಾಂಕೋನಿಯಾ, ದೂರವೇನಿಲ್ಲ. ಅಲ್ಲಿ ಡಿಸ್ಕೌಂಟ್ ಅಂಗಡಿಗಳಿವೆ. ಶೂ ರಾಶಿಯ ಮುಂದೆ ನಿಂತಾಗ ಭಾವನ ಬಾಯಿಂದ "ಅಷ್ಟೇನಾ" ಅನ್ನುವ ಮಾತು ಬರಲಿಲ್ಲ.

ಈ ಜೀನ್ಸ್ ಕಥೆಯನ್ನೂ ಒಮ್ಮೆಗೇ ಹೇಳಿ ಮುಗಿಸುತ್ತೇನೆ. ಲೆವಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿದ್ದು 1853ರಲ್ಲಿ. ಚಿನ್ನ ಅಗೆಯಲು ಅಲ್ಲ, ಜವಳಿ ಸಗಟು ವ್ಯಾಪಾರಕ್ಕೆ. ಪ್ಯಾಂಟಿನ ಜೇಬು ಕಿತ್ತು ಹೋಗದ ಹಾಗೆ ಮೂಲೆಗೆ ತಾಮ್ರದ ರಿವೆಟ್, ಅಂದರೆ ಗುಂಡುಮೊಳೆ ಹೊಡೆಯುವ ಉಪಾಯ ಅವನದ್ದಲ್ಲ. ಅಮೆರಿಕದ ರೀನೋ ಊರಿನ ಜೇಕಬ್ ಡೇವಿಸ್ ಅನ್ನುವ ದರ್ಜಿಯದ್ದು. ಅವನು ತನಗೆ ಬಟ್ಟೆ ಪೂರೈಸುತ್ತಿದ್ದ ಲೆವಿಗೆ ಪತ್ರ ಬರೆದು, ಪೇಟೆಂಟ್ ಖರ್ಚು ನೀವು ಹಾಕಿ ಅಂದ. ಪೇಟೆಂಟ್ ಬಂದಿದ್ದು 1873ರ ಮೇ 20ರಂದು. ಬುಟ್ಟನ್‌ಹೈಮ್‌ಗೂ ಆ ಪ್ಯಾಂಟಿಗೂ ಸಂಬಂಧ ಇಷ್ಟೇ: ಒಬ್ಬ ಪಾಲುದಾರ ಇಲ್ಲಿ ಹುಟ್ಟಿದ್ದ.

ಅದಕ್ಕೇ "ನೋಡೋಕೆ ಏನಿದೆ" ಅಂದರೆ ನನಗೆ ರೇಗುತ್ತದೆ. ಈ ಊರಿನ ದೊಡ್ಡ ವಿಷಯ ಇಲ್ಲಿರುವುದಲ್ಲ, ಇಲ್ಲಿಂದ ಹೋಗಿದ್ದು. ಅದನ್ನು ಕೇಳಿದವಳು ಅಕ್ಕ ಒಬ್ಬಳೇ. ಅವತ್ತು ಸಂಜೆ ಕೆಲ್ಲರ್‌ಗೆ ಹೋಗಿದ್ದೆವು. ಇಲ್ಲಿ ಗುಡ್ಡದೊಳಗೆ ಸುರಂಗ ತೋಡಿ ಹಿಂದೆಲ್ಲ ಬಿಯರ್ ತಣ್ಣಗೆ ಇಡುತ್ತಿದ್ದರು. ಮೇಲೆ ನೆರಳಿಗೆ ಮರ ನೆಟ್ಟರು. ಈಗ ಆ ಮರಗಳ ಕೆಳಗೆ ಉದ್ದುದ್ದ ಬೆಂಚು ಹಾಕಿ, ಕಲ್ಲಿನಂತೆ ಗಟ್ಟಿಯಾದ ಮಣ್ಣಿನ ಮಗ್ಗುಗಳಲ್ಲಿ ಬಿಯರ್ ಕೊಡುತ್ತಾರೆ. ನಾವು ಹೋಗುವ ಕಡೆ ಬಿಯರ್ ಅವರದ್ದೇ ಕುಡಿಯಬೇಕು, ತಿಂಡಿ ಮನೆಯಿಂದ ತರಬಹುದು. ನಾವು ಪುಳಿಯೋಗರೆ ಡಬ್ಬಿ ಬಿಚ್ಚಿದೆವು. ಪಕ್ಕದ ಅಜ್ಜ ಒಂದು ಚಮಚ ರುಚಿ ನೋಡಿ ಇಡೀ ಮಗ್ಗು ಖಾಲಿ ಮಾಡಿದರು. ಭಾವ ಶೂ ಬೆಲೆ ಲೆಕ್ಕ ಹಾಕುತ್ತಿದ್ದರು. ಅಕ್ಕ ಕೇಳಿದಳು, "ಇಷ್ಟು ಚೆನ್ನಾಗಿರೋ ಊರು ಬಿಟ್ಟು ಲೆವಿ ಮನೆಯವರು ಯಾಕೆ ಹೋದ್ರೇ?"

ಅಬ್ಬಾ, ಕೊನೆಗೂ!

ಹೇಳ್ತೀನಿ. ಲೆವಿ ಮನೆಯವರು ಯಹೂದಿಗಳು. ಈ ಭಾಗದ ಜಹಗೀರುದಾರರು ತೆರಿಗೆ ಆಸೆಗೆ ಯಹೂದಿಗಳನ್ನು ತಮ್ಮ ಊರುಗಳಲ್ಲಿ ಇರಗೊಟ್ಟಿದ್ದರು. ಆಮೇಲೆ ಬವೇರಿಯಾ ಸರ್ಕಾರ ಬಂತು. 1813ರಲ್ಲಿ ಕಾಯ್ದೆ ಮಾಡಿತು. ಪ್ರತಿ ಊರಿನಲ್ಲೂ ಇಂತಿಷ್ಟೇ ಯಹೂದಿ ಕುಟುಂಬ ಇರಬೇಕು, ಅದಕ್ಕೊಂದು ಪಟ್ಟಿ. ಪಟ್ಟಿಯಲ್ಲಿ ಯಾರದಾದರೂ ಜಾಗ ಖಾಲಿಯಾದರೆ ಮಾತ್ರ ಸಾಮಾನ್ಯವಾಗಿ ಹೊಸಬರಿಗೆ ಅವಕಾಶ. ಮದುವೆಗೂ ಇದೇ ಅಡ್ಡಿ. ಲೆವಿಯ ಅಪ್ಪ ಹಿರ್ಷ್ ಸರಕು ಹೊತ್ತು ಮಾರುವ ವ್ಯಾಪಾರಿ, ಇಬ್ಬರು ಹೆಂಡತಿಯರಿಂದ ಏಳು ಮಕ್ಕಳು. ಮೊದಲ ಹೆಂಡತಿ ತೀರಿಕೊಂಡ ಮೇಲೆ ಮದುವೆಯಾದ ರೆಬೆಕಾಳ ಮಗನೇ ಲೆವಿ. ಅಷ್ಟು ಮಕ್ಕಳಿಗೆ ಆ ಪಟ್ಟಿಯಲ್ಲಿ ಜಾಗ ಎಲ್ಲಿಂದ ಬರಬೇಕು? ದೊಡ್ಡ ಹುಡುಗರಾದ ಜೋನಾಸ್, ಲೂಯಿಸ್ ಮೊದಲೇ ನ್ಯೂಯಾರ್ಕಿಗೆ ಹೋಗಿ ಜವಳಿ ವ್ಯಾಪಾರಕ್ಕಿಳಿದರು. 1846ರಲ್ಲಿ ಹಿರ್ಷ್ ಕ್ಷಯದಿಂದ ಸತ್ತ. ಮರುವರ್ಷ ರೆಬೆಕಾ ಇಬ್ಬರು ಹೆಣ್ಣುಮಕ್ಕಳನ್ನೂ ಹದಿನೆಂಟರ ಮಗನನ್ನೂ ಕರೆದುಕೊಂಡು ಹಡಗು ಹತ್ತಿದಳು.

"ಆ ಹೆಂಗಸಿಗೆ ಆಗ ವಯಸ್ಸೆಷ್ಟು?" ಅಂದಳು ಅಕ್ಕ. ಐವತ್ತರ ಹತ್ತಿರ, ಅಂದೆ. ಅಕ್ಕನದೂ ಹೆಚ್ಚುಕಮ್ಮಿ ಅಷ್ಟೇ.

ನನಗೆ ಮರೆಯಲಾಗದ್ದು ಇನ್ನೊಂದು. ಇಲ್ಲಿ ಇರೋದಕ್ಕೆ ಸರ್ಕಾರದ ಅನುಮತಿ ಬೇಕಿತ್ತಲ್ಲ, ಬಿಟ್ಟು ಹೋಗೋದಕ್ಕೂ ಬೇಕಿತ್ತು. ರೆಬೆಕಾ ಅರ್ಜಿ ಹಾಕಿ ಅನುಮತಿ ಪಡೆದೇ ಹೊರಟಿದ್ದು. ಆ ಕಾಗದ ಸರ್ಕಾರದ ಕಡತದಲ್ಲಿ ಹಾಗೇ ಉಳಿಯಿತು. ಊರು ಲೆವಿಯನ್ನು ಪೂರ್ತಿ ಮರೆತಿತ್ತು. 1980ರ ದಶಕದಲ್ಲಿ ಅಮೆರಿಕದಿಂದ ಪತ್ರ ಬಂತು, ಅವನು ನಿಮ್ಮೂರಿನವನಾ ಅಂತ. ಬಾಂಬರ್ಗಿನ ದಾಖಲೆಗಳನ್ನು ಕೆದಕಿದಾಗ ಸಿಕ್ಕ ಪುರಾವೆ ಇದೇ ಕಾಗದ. ಹಳೇ ಮನೆಯನ್ನು ಊರಿನವರು ರಿಪೇರಿ ಮಾಡಿಸಿ ಉಳಿಸಿಕೊಂಡಿದ್ದು ಅದರ ನಂತರ. ಪಟ್ಟಿಯ ಕಾಯ್ದೆ ರದ್ದಾಗಿದ್ದು 1861ರಲ್ಲಿ. ಅಷ್ಟರಲ್ಲಿ ಹೋಗುವವರು ಹೋಗಿಯಾಗಿತ್ತು. ಶತಮಾನ ಮುಗಿಯುವ ಮುಂಚೆ ಇಲ್ಲಿನ ಯಹೂದಿ ಸಮುದಾಯವೇ ಮುಗಿದುಹೋಯಿತು. ಊರಾಚೆ ಅವರ ಸ್ಮಶಾನ ಇನ್ನೂ ಇದೆ. ಭಾವನಿಗೆ ಅದನ್ನು ತೋರಿಸಲಿಲ್ಲ, ಅಲ್ಲೂ "ಅಷ್ಟೇನಾ" ಅಂದಿದ್ದರೆ ನನ್ನಿಂದ ತಡೆಯೋಕೆ ಆಗ್ತಿರಲಿಲ್ಲ.

ಈಗ ಬರುವವರು ಬನ್ನಿ. ಮ್ಯೂಸಿಯಂ ದಿನಾ ತೆರೆದಿರುವುದಿಲ್ಲ, ವೇಳೆ ನೋಡಿಕೊಂಡು ಹೊರಡಿ. ನ್ಯೂರೆಂಬರ್ಗಿನಿಂದ ನೇರ ಲೋಕಲ್ ರೈಲಿದೆ, ನಿಲ್ದಾಣದಿಂದ ನಡೆದೇ ಬರಬಹುದು. ತಿಂಡಿ ನಾನು ಕಟ್ಟಿಕೊಂಡು ಬರ್ತೀನಿ. ಜೀನ್ಸ್ ಅಳತೆ ಮಾತ್ರ ವಾಟ್ಸಾಪ್ ಮಾಡಬೇಡಿ.